ಕಮಾನ್ ಪಾಟಾ ಮೀಮಾಂಸೆ

ಮಹಾಗಾಂವದ ಎರೆಹೊಲಗಳ ಬಂಡಿದಾರಿಯಲ್ಲಿ ಓಡಾಡುವ ಬೊಲೆರೊದ ಹಿಂಬದಿಯ ಭಾರ ಹೊರುವ, ಉದ್ದದಿಂದ ಗಿಡ್ಡಕ್ಕೆ ಒಂದರ ಕೆಳಗೊಂದು ಜೋಡಿಸಿದ ಬಾಗಿದ ಉಕ್ಕಿನ ಪಟ್ಟಿಗಳ ಕಟ್ಟಿಗೆ ಕಮಾನ್ ಪಾಟಾ ಎನ್ನುತ್ತಾರೆ. ಮಳೆಗಾಲದಲ್ಲಿ ಅಂಟಾಗಿ ಬೇಸಿಗೆಯಲ್ಲಿ ಕಲ್ಲಾಗುವ ಗಾಲಿಜಾಡುಗಳ ಬಗ್ಗೆ ಅದಕ್ಕಿರುವಷ್ಟು ಅನುಭವ ಯಾವ ಇಂಜಿನಿಯರನಿಗೂ ಇರಲಿಕ್ಕಿಲ್ಲ. ಇದನ್ನು ಬದಲಿಸಿ ವಾಹನವನ್ನು ಎರಡು ಇಂಚು ಎತ್ತರಿಸುವ ಸಾಮಗ್ರಿಯೇ ಲಿಫ್ಟ್ ಕಿಟ್, ಅದನ್ನು ಆರಿಸಲು ಕೂತ ಮಾಲೀಕನ ಮುಖದಲ್ಲಿ ಮಗಳಿಗೆ ವರ ನೋಡುವ ತಂದೆಯ ಗಾಂಭೀರ್ಯವಿರುತ್ತದೆ.

ಬಿರುಸಾದ ಪಾಟಾ ಹಾಕಿಸಿದರೆ ಐದು ಕ್ವಿಂಟಲ್ ತೊಗರಿ ಹೇರಿದಾಗ ಪಯಣ ತೊಟ್ಟಿಲಿನಂತಿರುತ್ತದೆ, ಆದರೆ ಖಾಲಿ ಗಾಡಿಯಲ್ಲಿ ಕಮಲಾಪುರಕ್ಕೆ ಹೋಗಿ ತಂದ ಕೆಂಪು ಬಾಳೆಹಣ್ಣು ಶಿಕರಣಿಯಾಗಿಯೇ ಮನೆ ಸೇರುತ್ತದೆ; ಮೆತ್ತನೆಯದನ್ನು ಹಾಕಿಸಿದರೆ ಹಣ್ಣು ಉಳಿಯುತ್ತದೆ, ತೊಗರಿ ಹೇರಿದೊಡನೆ ಹಿಂಬದಿ ಕುಕ್ಕರಿಸಿ ಹೆಡ್‌ಲೈಟುಗಳು ನಕ್ಷತ್ರವೀಕ್ಷಣೆಗೆ ತೊಡಗುತ್ತವೆ. ಎಣ್ಣೆಯನ್ನು ಸಣ್ಣ ರಂಧ್ರಗಳ ಮೂಲಕ ಹಾಯಿಸಿ ಪಾಟಾದ ಕುಣಿತವನ್ನು ಶಾಖವಾಗಿಸುವ ಕೊಳವೆಯಾದ ಶಾಕ್ ಅಬ್ಸಾರ್ಬರ್ ಈ ಜಗಳದಲ್ಲಿ ಪಂಚನಾದರೂ, ಪಂಚನಿಗೂ ಪ್ರತ್ಯೇಕ ಖರ್ಚಿದೆ. ಗಾಡಿ ಎತ್ತರವಾದರೆ ಮನೆಯ ಅಜ್ಜಿಗೆ ಹತ್ತಲು ಮಣೆ ಬೇಕು, ಮಣೆ ಇಡುವವನು ಮಾಲೀಕನೇ ಆಗಬೇಕು. ಇದೆಲ್ಲದರ ಮೇಲೆ, ತಯಾರಕರು ಕೊಟ್ಟ ವಿವರಗಳಿಗೆ ವ್ಯತಿರಿಕ್ತವಾಗಿ ವಾಹನವನ್ನು ಮಾರ್ಪಡಿಸಬಾರದೆನ್ನುವ 1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಬೇರೆ ಕಣ್ಣು ಬಿಟ್ಟು ಕೂತಿದೆ.

ಮೂರು ತಿಂಗಳ ಇಂಥ ಅಧ್ಯಯನದ ಕೊನೆಗೆ ಮಹಾಗಾಂವ ಕ್ರಾಸಿನ ಮೇಸ್ತ್ರಿ ಗಾಡಿಯಡಿ ತೂರಿ, ಪಾಟಾದ ತುದಿಯ ಬಳೆಯಂಥ ಕಣ್ಣಿನೊಳಗೆ ಸವೆದಿದ್ದ ರಬ್ಬರ್ ಬುಷ್ ಬದಲಿಸಿದ್ದಾನೆ; ಇದಕ್ಕೆಲ್ಲ ಮೂಲವಾಗಿದ್ದ ಕಟಕಟ ಸದ್ದು ನಿಂತಿದೆ.