ಹೊಸಕೋಟೆ ಕೆರೆಯ ಕಡಲಕ್ಕಿ: ಬಳಕೆದಾರರ ಕೈಪಿಡಿ

ಬಳಸುವ ಮುನ್ನ

ಅಭಿನಂದನೆಗಳು. ಚಳಿಗಾಲದ ಭಾನುವಾರದ ನಸುಕಿನಲ್ಲಿ ನಿದ್ದೆಯನ್ನೂ ಮನೆಯವರ ವಿಶ್ವಾಸವನ್ನೂ ಒಟ್ಟಿಗೇ ಕಳೆದುಕೊಂಡು, ಕೆರೆಯಲ್ಲಿ ಇದ್ದರೂ ಇರಬಹುದಾದ ಒಂದು ಹಕ್ಕಿಯನ್ನು ನೋಡಲು ನೀವು ಹೊರಟಿದ್ದೀರಿ. ಹಕ್ಕಿಯ ಹೆಸರು ಕಂದುತಲೆಯ ಕಡಲಕ್ಕಿ. ನಿನ್ನೆ ಸಂಜೆ ವಾಟ್ಸಾಪ್ ಗುಂಪಿನಲ್ಲಿ ಯಾರೋ ಅದರ ಫೋಟೊ ಹಾಕಿದ್ದಾರೆ. ಬೂದು ನೀರು, ಬೂದು ಆಕಾಶ, ನಡುವೆ ಅಕ್ಕಿಕಾಳಿನಷ್ಟು ಬಿಳುಪು. ಕೆಳಗೆ ಎಲ್ಲರೂ ಹೆಬ್ಬೆರಳು ಎತ್ತಿದ್ದಾರೆ; ನೀವೂ ಎತ್ತಿದ್ದೀರಿ.

ಹಕ್ಕಿ ಕಾಣದಿದ್ದಲ್ಲಿ ಹಣ ವಾಪಸಿಲ್ಲ. ದೂರು ಕೊಡಬೇಕೆಂದರೆ ತಯಾರಕರ ವಿಳಾಸ ಟಿಬೆಟ್ ಪ್ರಸ್ಥಭೂಮಿ.

ಜೊತೆಗೆ ಬೇಕಾದ ಸಾಮಾನು

ಒಂದು ಬೈನಾಕ್ಯುಲರ್, 8×42. ಎಂಟು ಎಂದರೆ ಹಕ್ಕಿ ಎಂಟು ಪಟ್ಟು ಹತ್ತಿರ ಬರುತ್ತದೆ. 42 ಎಂದರೆ ಮುಂದಿನ ಗಾಜಿನ ಅಗಲ, ಮಿಲಿಮೀಟರಿನಲ್ಲಿ. ಹೆಚ್ಚಿದ್ದರೆ ಒಳ್ಳೆಯದೆಂದು 12 ಪಟ್ಟಿನದನ್ನು ಕೊಂಡವರು ತಮ್ಮ ಕೈನಡುಕವನ್ನೂ 12 ಪಟ್ಟು ಕೊಂಡಿರುತ್ತಾರೆ. ದೂರದ ನೀರಿನ ಮೇಲೆ ಕೂತ ಹಕ್ಕಿಗೆ ನಿಜವಾಗಿ ಬೇಕಾದದ್ದು ಮೂರುಕಾಲಿನ ಮೇಲೆ ನಿಲ್ಲಿಸುವ ಸ್ಪಾಟಿಂಗ್ ಸ್ಕೋಪು. ಅದನ್ನು ಕೊಳ್ಳಬೇಡಿ. ಅದಿರುವವರ ಸ್ನೇಹ ಬೆಳೆಸಿ, ಅವರಿಗೆ ತಿಂಡಿ ಕೊಡಿಸಿ. ಲೆಕ್ಕ ಹಾಕಿದರೆ ಹತ್ತು ವರ್ಷ ಇಡ್ಲಿ-ವಡೆ ಕೊಡಿಸಿದರೂ ಅಗ್ಗವೇ.

ಟೋಪಿ, ನೀರು, ಟಿಪ್ಪಣಿ ಪುಸ್ತಕ. ಪುಸ್ತಕದಲ್ಲಿ ಯಾರೂ ಏನೂ ಬರೆಯುವುದಿಲ್ಲ, ಆದರೂ ಇರಲಿ.

ಸ್ಥಾಪನೆ

ಬೆಳಗಿನ ಜಾವ ಹಳೇ ಮದ್ರಾಸ್ ರಸ್ತೆಯಲ್ಲಿ ಬೆಂಗಳೂರಿನಿಂದ ಹೊಸಕೋಟೆಯ ಕಡೆಗೆ ಕಾರು ಓಡಿಸುವವರಲ್ಲಿ ಎರಡು ಪಂಗಡ. ಒಂದು, ಬೆಳಕು ಹರಿಯುವ ಮೊದಲೇ ಸರತಿಯಲ್ಲಿ ನಿಂತು ದಮ್ ಬಿರಿಯಾನಿ ತಿನ್ನಲು ಹೋಗುವವರು. ಇನ್ನೊಂದು, ನೀವು. ಮೊದಲ ಪಂಗಡದವರು ಹುಡುಕಿಕೊಂಡು ಹೋದದ್ದು ಸಿಗದೆ ವಾಪಸು ಬಂದದ್ದನ್ನು ನಾನು ಕೇಳಿಲ್ಲ. ಹೋಲಿಸಿಕೊಳ್ಳದಿರುವುದು ಕ್ಷೇಮ. ಎರಡೂ ಪಂಗಡಗಳಿಗೆ ಸೇರಿದ ಕೆಲವರಿದ್ದಾರೆ. ಅವರ ಬೈನಾಕ್ಯುಲರಿನ ತಿರುಗಣೆಯಲ್ಲಿ ತುಪ್ಪದ ಜಿಡ್ಡು ಇರುತ್ತದೆ.

ಕೆರೆ ದೊಡ್ಡದು. ನಂದಿಬೆಟ್ಟದ ಕಡೆಯಿಂದ ಇಳಿಯುವ ದಕ್ಷಿಣ ಪಿನಾಕಿನಿಯ ದಾರಿಯಲ್ಲೇ ಇರುವ ಕೆರೆ ಇದು. ಈ ನೀರು ಎಂದಾದರೂ ಕೋಡಿ ಹರಿದು, ತಮಿಳುನಾಡು ದಾಟಿ, ಕಡಲೂರಿನ ಹತ್ತಿರ ಬಂಗಾಳ ಕೊಲ್ಲಿಗೆ ಸೇರುವ ಹಕ್ಕುಳ್ಳ ನೀರು. ಕಡಲಕ್ಕಿಗೂ ಈ ಊರಿಗೂ ಕಾಗದದ ಮೇಲಿರುವ ನಂಟು ಇಷ್ಟೇ. ಉಳಿದಂತೆ ಇಲ್ಲಿಂದ ಯಾವ ದಿಕ್ಕಿಗೆ ಹೊರಟರೂ ಸಮುದ್ರ 200 ಕಿಲೋಮೀಟರಿಗಿಂತ ದೂರ.

ಸೂರ್ಯ ಬೆನ್ನಿಗಿರುವಂತೆ ನಿಲ್ಲಿ. ಬೆಳಿಗ್ಗೆ ಪೂರ್ವದ ದಡ ಹಿಡಿಯಬೇಕು ಎಂದರ್ಥ. ಕಾರು ನಿಲ್ಲಿಸಲು ಅನುಕೂಲವೆಂದು ಎದುರು ದಡದಲ್ಲಿ ನಿಂತರೆ ಬೆಳಕು ಮುಖಕ್ಕೆ ಹೊಡೆದು ನೀರಿನ ಮೇಲಿರುವುದೆಲ್ಲ ಕಪ್ಪಾಗಿ ಕಾಣುತ್ತದೆ. ಆಗ ನೀವು 80 ನೀರುಕಾಗೆಗಳನ್ನು ಎಣಿಸಿ ಮನೆಗೆ ಬರುತ್ತೀರಿ. ಒಂಬತ್ತು ಗಂಟೆಯ ಮೇಲೆ ಯಾವ ದಡವೂ ಪ್ರಯೋಜನಕ್ಕಿಲ್ಲ. ನೀರಿನ ಮೇಲಿನ ಗಾಳಿ ಕಾದು ನಡುಗತೊಡಗುತ್ತದೆ. ಸ್ಕೋಪಿನೊಳಗೆ ಹಕ್ಕಿಗೆ ಒಮ್ಮೆ ಎರಡು ತಲೆ, ಒಮ್ಮೆ ತಲೆಯೇ ಇಲ್ಲ.

ಕಡಲಕ್ಕಿಯಲ್ಲದ್ದನ್ನು ಕಳೆಯುವುದು

ಕೆರೆಯ ಮೇಲೆ ಬೆಳ್ಳಗೆ ಕಾಣುವ ವಸ್ತುಗಳು ಅನೇಕ. ಮೊದಲನೆಯದು ಥರ್ಮಾಕೋಲು. ಇದು ಅಲೆಯೊಂದಿಗೆ ಸರಿಯಾಗಿ ತೇಲುತ್ತದೆ, ಗಾಳಿಗೆ ಮುಖ ಕೊಡುತ್ತದೆ, ಎಷ್ಟು ಹೊತ್ತು ನೋಡಿದರೂ ಹಾರುವುದಿಲ್ಲ. ಐದು ನಿಮಿಷ ಕಾಯ್ದು ತೀರ್ಮಾನಿಸಿ. ಅದರ ವಯಸ್ಸು ಗುರುತಿಸಲು ಹೋಗಬೇಡಿ.

ಎರಡನೆಯದು ಬೆಳ್ಳಕ್ಕಿ. ದಡದಲ್ಲಿ ಬಲೆ ಬಿಡಿಸುತ್ತಿರುವವರನ್ನು "ಅಣ್ಣ, ಬಿಳೀ ಹಕ್ಕಿ ನೋಡಿದಿರಾ?" ಎಂದು ಕೇಳಿದರೆ "ಓ, ಬೇಕಾದಷ್ಟಿದೆ, ಆ ಕಡೆ ಹೋಗಿ" ಎನ್ನುತ್ತಾರೆ. ಪ್ರಾಮಾಣಿಕ ಉತ್ತರ. ಆ ಕಡೆ ಹೋದರೆ ನಿಜವಾಗಿಯೂ ಬೇಕಾದಷ್ಟು ಬೆಳ್ಳಕ್ಕಿಗಳಿರುತ್ತವೆ.

ಮೂರನೆಯದೇ ನಿಜವಾದ ತೊಡಕು: ರೀವ. ಚಳಿಗಾಲದಲ್ಲಿ ಮೀಸೆ ರೀವಗಳು ಕೆರೆಯ ಮೇಲೆ ದಂಡಿಯಾಗಿ ಸುಳಿಯುತ್ತಿರುತ್ತವೆ. ಬೂದು ಬೆನ್ನು, ಬಿಳಿ ಹೊಟ್ಟೆ, ತಲೆಯ ಹಿಂದೆ ಕಪ್ಪು ಛಾಯೆ. ಕಡಲಕ್ಕಿಯನ್ನು ಬಯಸುವ ಕಣ್ಣಿಗೆ ಇಷ್ಟು ಸಾಕು. ಬಣ್ಣ ಬಿಡಿ, ನಡತೆ ನೋಡಿ. ರೀವದ ರೆಕ್ಕೆ ಸಪೂರ, ತುದಿ ಚೂಪು. ಹಾರುವಾಗ ಕೊಕ್ಕು ಕೆಳಕ್ಕೆ, ಕಣ್ಣು ನೀರಿನ ಮೇಲೆ. ಅದು ಬಾತಿನ ಹಾಗೆ ನೀರಿನ ಮೇಲೆ ಕೂತು ಈಜುತ್ತಿರುವುದನ್ನು ಕಾಣುವುದು ಬಹಳ ಕಡಿಮೆ. ದಣಿದರೆ ಗೂಟವನ್ನೋ ಬಲೆಯ ಬೆಂಡನ್ನೋ ಹುಡುಕಿಕೊಳ್ಳುತ್ತದೆ. ಕಡಲಕ್ಕಿಗೆ ಆ ಬಿಗುಮಾನವಿಲ್ಲ. ಮೈ ದಪ್ಪ, ರೆಕ್ಕೆ ಅಗಲ, ಹಾರಾಟ ನಿಧಾನ, ನೀರಿನ ಮೇಲೆ ಆರಾಮಾಗಿ ಕೂರುತ್ತದೆ. ಬೇರೆಯವರು ಹಿಡಿದ ಮೀನನ್ನು ಕಸಿಯುವುದಕ್ಕೂ ಹಿಂಜರಿಯುವುದಿಲ್ಲ. ಯಾವ ಹಕ್ಕಿ ಬಂದಾಗ ಉಳಿದ ಹಕ್ಕಿಗಳ ಮುಖ ಸಪ್ಪಗಾಗುತ್ತದೋ ಅದು ಕಡಲಕ್ಕಿ.

ಗುರುತಿಸುವುದು

ಈ ವಿಭಾಗವನ್ನು ಕೂತು ಓದಿ.

ಕಂದುತಲೆಯ ಕಡಲಕ್ಕಿಗೆ ನಮ್ಮಲ್ಲಿರುವಾಗ ಕಂದು ತಲೆ ಇರುವುದಿಲ್ಲ. ಅದು ಬೇಸಿಗೆಯ ಉಡುಪು, ಮರಿ ಮಾಡುವ ಊರಿಗೆ ಮೀಸಲು. ಚಳಿಗಾಲದಲ್ಲಿ ತಲೆ ಬೆಳ್ಳಗಾಗಿ, ಕಣ್ಣಿನ ಹಿಂದೆ ಒಂದು ಮಸಿಚುಕ್ಕೆ ಮಾತ್ರ ಉಳಿಯುತ್ತದೆ. ಇದರ ದಾಯಾದಿ ಕಪ್ಪುತಲೆಯ ಕಡಲಕ್ಕಿ. ಅದಕ್ಕೂ ಈಗ ಕಪ್ಪು ತಲೆಯಿಲ್ಲ, ಅದೇ ಮಸಿಚುಕ್ಕೆ. ಬೇಸಿಗೆಯಲ್ಲಿ ನೋಡಿದರೆ ಕಪ್ಪುತಲೆಯದರ ತಲೆಯೂ ಗಾಢ ಕಂದೇ. ಯಾರ ಮೇಲೂ ಸಿಟ್ಟಾಗಿ ಫಲವಿಲ್ಲ: ಕಪ್ಪುತಲೆಯದನ್ನು ವಿಜ್ಞಾನಕ್ಕೆ ಪರಿಚಯಿಸಿದವನು ಲಿನೇಯಸ್, 1766ರಲ್ಲಿ, ಕಂದುತಲೆಯದನ್ನು ಥಾಮಸ್ ಜರ್ಡನ್, 1840ರಲ್ಲಿ. ಇಬ್ಬರೂ ಕೈಗೆ ಸಿಗುವುದಿಲ್ಲ.

ಹಾಗಾದರೆ ನೋಡಬೇಕಾದದ್ದು ಏನು? ರೆಕ್ಕೆಯ ತುದಿ. ಕಪ್ಪುತಲೆಯದರ ರೆಕ್ಕೆಯ ಮುಂದಿನ ಅಂಚಿನಲ್ಲಿ ಉದ್ದನೆಯ ಬಿಳಿ ಬೆಣೆ, ಹಿಂದಿನ ಅಂಚಿಗೆ ಮಾತ್ರ ಕಪ್ಪು. ಕಂದುತಲೆಯದರ ರೆಕ್ಕೆತುದಿ ಪೂರಾ ಕಪ್ಪು, ಆ ಕಪ್ಪಿನೊಳಗೆ ಒಂದೆರಡು ಬಿಳಿ ಕಿಟಕಿ. ಪಕ್ಷಿವೀಕ್ಷಕರು ಇದಕ್ಕೆ 'ಮಿರರ್' ಎನ್ನುತ್ತಾರೆ. ಇದನ್ನು ನೋಡಲು ಹಕ್ಕಿ ರೆಕ್ಕೆ ಬಿಚ್ಚಬೇಕು. ರೆಕ್ಕೆ ಬಿಚ್ಚಲು ಅದಕ್ಕೆ ಕಾರಣ ಬೇಕು. ಹದ್ದು ಮೇಲೆ ಸುಳಿದಾಗ ಅಥವಾ ತೆಪ್ಪ ಹತ್ತಿರ ಬಂದಾಗ ಹಕ್ಕಿ ಏಳುತ್ತದೆ, ಸರಿಯಾಗಿ ಎರಡು ಸೆಕೆಂಡು ರೆಕ್ಕೆ ತೋರಿಸುತ್ತದೆ. ಆ ಹೊತ್ತಿಗೆ ನೀವು ಫ್ಲಾಸ್ಕಿನ ಮುಚ್ಚಳ ತಿರುಗಿಸುತ್ತಿರುತ್ತೀರಿ. ಚಪ್ಪಾಳೆ ತಟ್ಟಿ, ಕಲ್ಲೆಸೆದು, ಡ್ರೋನ್ ಹಾರಿಸಿ ಏಳಿಸುವುದು ನಿಷಿದ್ಧ. ಹಾಗೆ ಮಾಡುವವರ ಜೊತೆ ಈ ಕೈಪಿಡಿ ಮಾತಾಡುವುದಿಲ್ಲ.

ಕೂತ ಹಕ್ಕಿಯಾದರೆ ಕಣ್ಣು ನೋಡಿ. ಬೆಳೆದ ಕಂದುತಲೆಯದರ ಕಣ್ಣಿನ ಪಾಪೆಯ ಸುತ್ತಲಿನ ಬಳೆ ತಿಳಿ, ಕಪ್ಪುತಲೆಯದರದು ಗಾಢ. ಸುಲಭವಲ್ಲವೇ? ಅಲ್ಲ. ಮೊದಲ ಚಳಿಗಾಲದ ಎಳೆಯ ಹಕ್ಕಿಯಲ್ಲಿ ಎರಡರ ಕಣ್ಣೂ ಗಾಢವೇ. ರೆಕ್ಕೆಯಲ್ಲಿ ಕಂದು ಗೀರು, ಬಾಲದ ತುದಿಗೆ ಕಪ್ಪು ಪಟ್ಟಿ. ದಾರಿ ತಪ್ಪಿ ಒಳನಾಡಿನ ಕೆರೆಗೆ ಬರುವವುಗಳಲ್ಲಿ ಇಂಥ ಅನುಭವವಿಲ್ಲದ ಮರಿಗಳೇ ಹೆಚ್ಚೆಂದು ನನ್ನ ಗುಮಾನಿ. ಗಾತ್ರವನ್ನು ನೆಚ್ಚಬಹುದೇ ಎಂದರೆ, ಕಂದುತಲೆಯದು ನಾಲ್ಕೈದು ಸೆಂಟಿಮೀಟರು ದೊಡ್ಡದು. ಅರ್ಧ ಕಿಲೋಮೀಟರು ಆಚೆ ಒಂಟಿಯಾಗಿ ಕೂತ ಹಕ್ಕಿಯಲ್ಲಿ ಈ ನಾಲ್ಕೈದು ಸೆಂಟಿಮೀಟರನ್ನು ಕಂಡೆ ಎನ್ನುವವರು ಸಿಕ್ಕರೆ ವಾದ ಮಾಡಬೇಡಿ, ಅವರಿಗೂ ಇಡ್ಲಿ ಕೊಡಿಸಿ.

ಅಪರೂಪದ ಪ್ರಮಾಣಪತ್ರ

ಈ ಹಕ್ಕಿ ಅಪರೂಪವೇ? ಹೊಸಕೋಟೆಯಲ್ಲಿ ಹೌದು. ಮಲ್ಪೆಯ ಮೀನು ಬಂದರಿನಲ್ಲಿ ನಿಂತು ಇದೇ ಹಕ್ಕಿಗೆ ಉಸಿರು ಬಿಗಿಹಿಡಿದರೆ, ಬುಟ್ಟಿ ಹೊತ್ತ ಹೆಂಗಸರು ದಾರಿ ಬಿಡಿ ಎಂದು ಗದರುತ್ತಾರೆ. ಕಾರವಾರದಲ್ಲೂ ಅಷ್ಟೇ. ಪುಣೆಯ ಆಚೆ ಭಿಗವಾಣದ ಹಿನ್ನೀರಿನಲ್ಲಿ, ಅದೂ ಒಳನಾಡೇ, ಚಳಿಗಾಲದಲ್ಲಿ ಕಡಲಕ್ಕಿಗಳು ದೋಣಿಯನ್ನು ಮುತ್ತಿಕೊಳ್ಳುತ್ತವೆ. ಪ್ರಯಾಗರಾಜದ ಸಂಗಮದಲ್ಲಿ ಯಾತ್ರಿಕರು ಇವುಗಳಿಗೆ ಸೇವ್ ಎರಚುತ್ತಾರೆ, ಎರಚಲು ಪೊಟ್ಟಣ ಮಾರುವವರೂ ಇದ್ದಾರೆ. (ನೀವು ಎರಚಬೇಡಿ. ಕರಿದದ್ದು ಹಕ್ಕಿಗೆ ಒಳ್ಳೆಯದಲ್ಲ. ಬಿರಿಯಾನಿಯೂ ಬೇಡ.)

ಇನ್ನೂ ಒಂದು ವಿಷಯವಿದೆ. ಕಡಲಕ್ಕಿ ಕಡಲಿನಿಂದ ದಾರಿ ತಪ್ಪಿ ಪಾಪ ಕೆರೆಗೆ ಬಂತು ಎಂದು ನಾವು ಮರುಗುತ್ತೇವಲ್ಲ, ಈ ಕಂದುತಲೆಯದು ಮೊಟ್ಟೆಯೊಡೆದು ಹೊರಬರುವುದೇ ಕೆರೆಯ ದಡದಲ್ಲಿ. ಟಿಬೆಟ್ಟಿನ ಎತ್ತರದ ಸರೋವರಗಳು, ನಮ್ಮ ಲಡಾಖಿನ ತ್ಸೊ ಮೊರಿರಿ, ತ್ಸೊ ಕರ್: ಸಮುದ್ರಮಟ್ಟದಿಂದ ಸುಮಾರು 4,500 ಮೀಟರು ಮೇಲೆ, ಸಮುದ್ರದ ವಾಸನೆಯೂ ಇಲ್ಲದ ಜಾಗ. ಚಳಿಗೆ ಆ ನೀರು ಹೆಪ್ಪುಗಟ್ಟುವ ಮುನ್ನ ಹಿಮಾಲಯ ದಾಟಿ, ಇಡೀ ಉತ್ತರ ಭಾರತ ದಾಟಿ, ದಖ್ಖನ್ನಿನ ಮೇಲೆ ಬರುವಾಗ ಕೆಳಗೊಂದು ಅಗಲವಾದ ನೀರು ಕಂಡರೆ ಇಳಿಯುವುದರಲ್ಲಿ ಆಶ್ಚರ್ಯವೇನಿದೆ? ಕೆರೆ ಅದಕ್ಕೆ ತವರಿನ ಗುರುತು. ಅದು ಹೊಸದಾಗಿ ನೋಡಬೇಕಾದದ್ದು ಕಡಲನ್ನು. ಹೊಸಕೋಟೆಯಲ್ಲಿ ಅದನ್ನು ಅಪರೂಪ ಮಾಡಿರುವುದು, ಕಂಡ ಹಕ್ಕಿಗಳನ್ನು ಬರೆದಿಡುವ ನಮ್ಮ ಪಟ್ಟಿ.

ಆದರೂ ಪಟ್ಟಿ ಇರುವವರೆಗೆ ಓಡಬೇಕು. ಓಡಿ.

ಸಹ ಬಳಕೆದಾರರು

ದಡದಲ್ಲಿ ಮೊಣಕೈಯುದ್ದದ ಲೆನ್ಸ್ ಹಿಡಿದು ಕಾಡಿನ ಬಣ್ಣದ ಬಟ್ಟೆ ತೊಟ್ಟವರು ನಿಂತಿರುತ್ತಾರೆ. ಬಯಲಿನಲ್ಲಿ, ಎಮ್ಮೆಗಳ ನಡುವೆ, ಆ ಬಟ್ಟೆ ಯಾರಿಂದ ಮರೆಯಾಗಲು ಎಂದು ಕೇಳುವುದು ಸಭ್ಯತೆಯಲ್ಲ. ಟಿಟ್ಟಿಭ ಹೇಗೂ ನಿಮ್ಮೆಲ್ಲರನ್ನೂ ಕಂಡು ಊರಿಗೆಲ್ಲ ಸಾರಿಯಾಗಿದೆ. ಹತ್ತಿರ ಹೋಗಿ "ಏನಾದ್ರೂ ಇದ್ಯಾ?" ಎನ್ನಬೇಕು. ಅವರು "ಏನೂ ಇಲ್ಲ" ಎನ್ನುತ್ತಾರೆ. ಹೆಜ್ಜಾರ್ಲೆ, ನಾಮದ ಕೋಳಿ, ಗುಳುಮುಳುಕ, ಸಾವಿರಾರು ಬಾತು, ಸಿಪಿಲೆ, ಮಿಂಚುಳ್ಳಿ ಎಲ್ಲ ಸೇರಿ ಈ ಏನೂ ಇಲ್ಲ ಆಗಿರುತ್ತದೆ.

"ಹತ್ತು ನಿಮಿಷದ ಹಿಂದೆ ಇತ್ತು" ಎಂಬ ಉತ್ತರವೂ ಬರಬಹುದು. ಇದಕ್ಕೆ ಮದ್ದಿಲ್ಲ. ಬೆಂಗಳೂರಿನಲ್ಲಿ ಪಕ್ಷಿವೀಕ್ಷಕರ ಕೂಟ ಹುಟ್ಟಿದ 1970ರ ದಶಕದಲ್ಲಿ, ಜಾಫರ್ ಫತೇಹಲ್ಲಿಯವರು ಸಂಪಾದಿಸುತ್ತಿದ್ದ ಪಕ್ಷಿವೀಕ್ಷಕರ ಪತ್ರಿಕೆ ಅಂಚೆಯಲ್ಲಿ ಬರುತ್ತಿತ್ತು. ಅಪರೂಪದ ಹಕ್ಕಿಯ ಸುದ್ದಿ ಓದುವ ಹೊತ್ತಿಗೆ ಹಕ್ಕಿ ತನ್ನ ಊರು ಸೇರಿರುತ್ತಿತ್ತು. ಓದಿ, ಸಂತೋಷಪಟ್ಟು, ಕಾಫಿ ಕುಡಿಯಬಹುದಿತ್ತು. ಈಗ ಸುದ್ದಿ ನಲವತ್ತು ಸೆಕೆಂಡಿನಲ್ಲಿ ಬಂದು, ನಿಮ್ಮನ್ನು ಸರಿಯಾಗಿ ಹತ್ತು ನಿಮಿಷ ತಡವಾಗಿ ತಲುಪಿಸುತ್ತದೆ.

ನೋಂದಣಿ

ಕಂಡರೆ ಹಕ್ಕಿ ದಾಖಲೆಗಳ ಜಾಲತಾಣ ಇ-ಬರ್ಡ್‌ನಲ್ಲಿ ದಾಖಲಿಸಿ. ಅಪರೂಪದ ದಾಖಲೆಯನ್ನು ಅದು ತಾನಾಗಿಯೇ ತಡೆದು, ವಿವರ ಬರೆಯಿರಿ ಎನ್ನುತ್ತದೆ. ಆಮೇಲೆ ಸ್ವಯಂಸೇವಕ ಪರಿಶೀಲಕರೊಬ್ಬರು ಅತ್ಯಂತ ವಿನಯದಿಂದ, ಕಪ್ಪುತಲೆಯದಲ್ಲ ಎಂದು ಹೇಗೆ ತೀರ್ಮಾನಿಸಿದಿರಿ ಎಂದು ಕೇಳಬಹುದು. "ಎಲ್ಲರೂ ಹಾಗೇ ಅಂದರು" ಎಂಬುದು ನಿಜವಾದ ಉತ್ತರ, ಒಪ್ಪುವ ಉತ್ತರವಲ್ಲ. ರೆಕ್ಕೆಯ ತುದಿಯ ಬಗ್ಗೆ ಬರೆಯಿರಿ. ನೋಡದಿದ್ದರೆ ನೋಡಲಿಲ್ಲವೆಂದೇ ಬರೆಯಿರಿ; ಜಾತಿ ತಿಳಿಯದ ಕಡಲಕ್ಕಿ ಎಂದು ನಮೂದಿಸಲು ಅಲ್ಲಿ ಜಾಗವಿದೆ, ಮರ್ಯಾದಸ್ಥರು ಅದನ್ನು ಬಳಸುತ್ತಾರೆ.

ಬಳಕೆಯ ಅವಧಿ

ನವೆಂಬರಿನಿಂದ ಮಾರ್ಚಿನವರೆಗೆ. ಹೊರಡುವ ಹೊತ್ತು ಹತ್ತಿರವಾದಂತೆ ತಲೆಗೆ ಕಂದು ಬಣ್ಣ ಏರತೊಡಗುತ್ತದೆ. ಪುಸ್ತಕದ ಚಿತ್ರದಲ್ಲಿರುವಂತೆ ಪೂರ್ತಿಯಾಗಿ ಕಾಣುವ ದಿನ, ಮಕ್ಕಳೂ ಗುರುತಿಸಬಲ್ಲ ದಿನ, ಹಕ್ಕಿ ಹೊರಟುಹೋಗುತ್ತದೆ.

ವ್ಯಾಪ್ತಿ

ಈ ಕೈಪಿಡಿ ಚಿಕ್ಕ ಕಡಲಕ್ಕಿಗಳಿಗೆ ಮಾತ್ರ. ಪೂರ್ಣ ಗರಿ ಬರಲು ನಾಲ್ಕು ವರ್ಷ ಹಿಡಿಯುವ, ಪ್ರತಿ ವರ್ಷವೂ ಬೇರೆ ಹಕ್ಕಿಯಂತೆ ಕಾಣುವ ಹ್ಯೂಗ್ಲಿನ್, ಸ್ಟೆಪ್ಪೆ ಮುಂತಾದ ದೊಡ್ಡ ಕಡಲಕ್ಕಿಗಳನ್ನು ಕುರಿತ ಎರಡನೆಯ ಸಂಪುಟ ಇನ್ನೂ ಅಚ್ಚಿಗೆ ಹೋಗಿಲ್ಲ. ಅದರ ಲೇಖಕರಿಬ್ಬರೂ ಮಲ್ಪೆಯಲ್ಲಿದ್ದಾರೆ, ಒಂದೇ ಹಕ್ಕಿಯನ್ನು ನೋಡುತ್ತಿದ್ದಾರೆ, ಸದ್ಯ ಮಾತು ಬಿಟ್ಟಿದ್ದಾರೆ.