ಖಾಲಿ ಜಾಗದ ವೈರಿ

ಅಂಗಡಿಯ ಬೋರ್ಡನ್ನಾಗಲಿ, ಸರಕು ಹೊರುವ ಗಾಡಿಯ ಮೈಯನ್ನಾಗಲಿ ಒಂದಂಗುಲವೂ ಬರಿದಾಗಿ ಬಿಡದೆ ಅಕ್ಷರ, ಚಿತ್ರ, ದೇವರು ಮತ್ತು ಮೊಬೈಲ್ ನಂಬರುಗಳಿಂದ ತುಂಬಿಸುವುದೇ ವ್ಯವಹಾರಧರ್ಮವೆಂದು ನಂಬಿದ ಗೃಹಸ್ಥರೊಬ್ಬರು ಹಾವೇರಿ ಜಿಲ್ಲೆಯ ಪ್ರತಿ ಪೇಟೆಯಲ್ಲೂ ಕಾಣಸಿಗುವುದರಿಂದ, ವಿವೇಚನೆಯ ಅನುಕೂಲಕ್ಕಾಗಿ ಅವರನ್ನು ಇಲ್ಲಿ 'ತುಂಬುಫಲಕದ ಸಾವ್ಕಾರರು' ಎಂದು ಕರೆಯಲಾಗಿದೆ. ಸಾವ್ಕಾರರಾಗಲು ಇವರಿಗೆ ಸಂಪತ್ತು ಕಡ್ಡಾಯವಲ್ಲ, ಬೋರ್ಡು ಕಡ್ಡಾಯ.

ಊರು ಬದಲಾದಂತೆ ಇವರ ಲಕ್ಷಣಗಳೂ ಕೊಂಚ ಬದಲಾಗುತ್ತವೆ. ಬ್ಯಾಡಗಿಯಲ್ಲಿ ಇವರು ಮೆಣಸಿನಕಾಯಿ ದಲಾಲರಾಗಿದ್ದು, 2011ರಲ್ಲಿ ಭೌಗೋಳಿಕ ಸೂಚಿಯ ಮಾನ್ಯತೆ ಪಡೆದ ಈ ಬೆಳೆಯ ಉದ್ದನೆಯ 'ಕಡ್ಡಿ', ಗಿಡ್ಡನೆಯ 'ಡಬ್ಬಿ' ಎಂಬ ಎರಡು ತಳಿಗಳನ್ನೂ ಬೋರ್ಡಿನ ಎರಡು ಮೂಲೆಗಳಲ್ಲಿ ದ್ವಾರಪಾಲಕರಂತೆ ನಿಲ್ಲಿಸುತ್ತಾರೆ. ರಾಣೆಬೆನ್ನೂರಿನಲ್ಲಿ ಬೀಜದ ಅಂಗಡಿ ಇಟ್ಟಿದ್ದರೆ ಹತ್ತಿಯಿಂದ ಗೋವಿನಜೋಳದವರೆಗೆ ಪ್ರತಿಯೊಂದು ಹೈಬ್ರಿಡ್ ತಳಿಯ ಹೆಸರನ್ನೂ ಬರೆಸುತ್ತಾರೆ. 1997ರಲ್ಲಿ ಜಿಲ್ಲಾಕೇಂದ್ರವಾದ ಹಾವೇರಿಯಲ್ಲಾದರೋ ಇವರದು ಜೆರಾಕ್ಸ್ ಅಂಗಡಿಯಾಗಿದ್ದು, ಪಹಣಿ, ಆಧಾರ್, ಜಾತಿ-ಆದಾಯ ಪ್ರಮಾಣಪತ್ರ ಎಂದು ಸಾಗುವ ಯಾದಿಯನ್ನು ಓದಿ ಮುಗಿಸುವ ಹೊತ್ತಿಗೆ ಕಚೇರಿಯ ವೇಳೆಯೇ ಮುಗಿದಿರುತ್ತದೆ.

ಈ ತುಂಬಿಸುವ ಹವ್ಯಾಸಕ್ಕೆ ಕೇವಲ ಅಭಿರುಚಿಯನ್ನು ದೂರುವುದು ನ್ಯಾಯವಲ್ಲ, ಏಕೆಂದರೆ ಅದರ ಬೇರು ಲೆಕ್ಕಪತ್ರದಲ್ಲಿದೆ. ಪೇಂಟರನು ಬ್ರಶ್ ಹಿಡಿದು ಬರೆಯುತ್ತಿದ್ದ ಕಾಲದಲ್ಲಿ ಪ್ರತಿ ಅಕ್ಷರಕ್ಕೂ ಮೈಮುರಿದ ದುಡಿಮೆ ಬೇಕಿದ್ದುದರಿಂದ, ಏಣಿಯ ಮೇಲಿನ ಆತನೇ ಮಾತು ಕಡಿಮೆ ಮಾಡಿಸುತ್ತಿದ್ದನು. ಅಂಗಡಿಯ ಹೆಸರು, ಊರು, ಒಂದು ಗೆರೆ, ಅಲ್ಲಿಗೆ ಮುಗಿಯಿತು. ಪ್ಲಾಸ್ಟಿಕ್ ಹಾಳೆಯ ಮೇಲೆ ಯಂತ್ರದಿಂದ ಅಚ್ಚಾಗುವ ಫ್ಲೆಕ್ಸ್ ಬಂದ ಮೇಲೆ ದರವು ಚದರ ಅಡಿಗೆ ನಿಗದಿಯಾಗಿ, ಹತ್ತು ಅಕ್ಷರಕ್ಕೂ ಸಾವಿರ ಅಕ್ಷರಕ್ಕೂ ಒಂದೇ ಹಣವಾದಾಗ, ಬರಿದಾದ ಜಾಗವು ಬಾಡಿಗೆ ಕೊಟ್ಟೂ ಬೀಗ ಹಾಕಿಟ್ಟ ಗೋದಾಮಿನಂತೆ ಸಾವ್ಕಾರರ ಕಣ್ಣನ್ನು ಚುಚ್ಚತೊಡಗಿತು. ಫ್ಲೆಕ್ಸ್ ಅಂಗಡಿಯ ಡಿಸೈನ್ ಹುಡುಗನು ಮೊದಲ ಕರಡಿನಲ್ಲಿ ಅಂಗಡಿಯ ಹೆಸರು, ಒಂದು ಮೆಣಸಿನಕಾಯಿ, ಒಂದು ನಂಬರು ಇಷ್ಟನ್ನೇ ಇಟ್ಟು ತೋರಿಸಿದಾಗ ನಡೆಯುವ ಸಂವಾದವು ಮೂರೂ ಊರುಗಳಲ್ಲಿ ಹೆಚ್ಚುಕಡಿಮೆ ಒಂದೇ ಪಾಠದಲ್ಲಿ ದೊರೆಯುತ್ತದೆ.

"ಚೊಲೋ ಆಗೇತಿ ತಮ್ಮಾ, ಆದ್ರ ಬೋಳು ಕಾಣಾಕತ್ತೈತಿ. ಚದರ ಅಡಿ ಲೆಕ್ಕದಾಗ ರೊಕ್ಕಾ ತಗೊಂತಿ, ಇಷ್ಟ್ ಜಾಗಾ ಖಾಲಿ ಯಾಕ್ ಬಿಟ್ಟಿ?"

"ತುಂಬಿದ್ರ ದೂರಿಂದ ಓದಾಕ ಬರಂಗಿಲ್ರೀ ಸಾವ್ಕಾರ್ರ."

"ದೂರಿಂದ ಯಾಕ ಓದ್ತಾರ? ಹತ್ರ ಬಂದ್ ಓದ್ಲಿ. ಬಂದವ್ರನ್ನ ಒಳಗ ಕುಂದ್ರಿಸಿ ಚಾ ಕುಡಸ್ತೀವಿ."

ಈ ವಾದಕ್ಕೆ ಡಿಸೈನ್ ಶಾಸ್ತ್ರದಲ್ಲಿ ಉತ್ತರವಿಲ್ಲ. ಹುಡುಗನು ಸೋತು ಮೌಸ್ ಹಿಡಿದ ಮೇಲೆ ತಲೆಯ ಮೇಲೆ ಕದರಮಂಡಲಗಿಯ ಕಾಂತೇಶನೂ, ಅವನೊಬ್ಬನೇ ಆದರೆ ತಾಯಿಯ ಮನೆಯವರು ಬೇಸರಪಟ್ಟಾರೆಂದು ದೇವರಗುಡ್ಡದ ಮಾಲತೇಶನೂ, ಎಡಕ್ಕೆ ದಿವಂಗತ ತಂದೆಯವರೂ, ಬಲಕ್ಕೆ ಕೊರಳಲ್ಲಿ ಚೈನು ಹಾಕಿದ ಸ್ವತಃ ಸಾವ್ಕಾರರೂ ಪ್ರತಿಷ್ಠಾಪಿತರಾಗುತ್ತಾರೆ. ನಂಬರುಗಳು ನಾಲ್ಕು: ಒಂದು ತಮ್ಮದು, ಒಂದು ತಮ್ಮನದು, ಒಂದು ಮಗನದು, ನಾಲ್ಕನೆಯದು ಬಂದಾಗಿ ವರ್ಷಗಳೇ ಆದರೂ ಲಕ್ಕಿ ನಂಬರೆಂದು ಉಳಿಸಿಕೊಂಡದ್ದು. ಫಲಕದ ಶೇ 60 ಭಾಗ ಕನ್ನಡದಲ್ಲಿರಬೇಕೆಂಬ 2024ರ ತಿದ್ದುಪಡಿ ಕಾಯ್ದೆಯನ್ನೂ ಸಾವ್ಕಾರರು ಶ್ರದ್ಧೆಯಿಂದ ಪಾಲಿಸುತ್ತಾರೆ. 'ಹೋಲ್‌ಸೇಲ್ ಆ್ಯಂಡ್ ರಿಟೇಲ್ ಡೀಲರ್ಸ್' ಎಂಬುದನ್ನು ಅವರು ಬರೆಸಿರುವುದು ಕನ್ನಡ ಲಿಪಿಯಲ್ಲೇ.

ಅಕ್ಷರದ ಗಾತ್ರದ ಬಗ್ಗೆ ಬೋರ್ಡು ಬರೆಯುವವರಲ್ಲಿ ಒಂದು ಸ್ಥೂಲ ಲೆಕ್ಕವಿದ್ದು, ಅದರಂತೆ ಸಲೀಸಾಗಿ ಓದಲು ಪ್ರತಿ ಹತ್ತು ಅಡಿ ದೂರಕ್ಕೆ ಒಂದಂಗುಲ ಎತ್ತರ ಬೇಕು. ಈ ಲೆಕ್ಕವು ಒಂದೇ ಎತ್ತರದ ರೋಮನ್ ದೊಡ್ಡಕ್ಷರಗಳಿಗೆ ಹೇಳಿದ್ದು. ಮೇಲೆ ಗುಣಿತದ ಚಿಹ್ನೆಯನ್ನೂ ಕೆಳಗೆ ಒತ್ತನ್ನೂ, ಅಂದರೆ ವ್ಯಂಜನದ ಕಾಲಬಳಿ ಕೂರುವ ಇನ್ನೊಂದು ವ್ಯಂಜನದ ರೂಪವನ್ನೂ, ಹೊರುವ ಕನ್ನಡಕ್ಕೆ ಇನ್ನಷ್ಟು ಗಾಳಿ ಬೇಕು. 'ಹಾವೇರಿ'ಗೆ ಒತ್ತಿನ ಕಾಟವಿಲ್ಲದ್ದರಿಂದ ಅದು ಇಕ್ಕಟ್ಟಿನಲ್ಲೂ ಬದುಕುತ್ತದೆ. 'ಬ್ಯಾಡಗಿ'ಯ ಯ-ಒತ್ತು ಕೆಳಗಿನ ಸಾಲಿನ ನೆತ್ತಿಯನ್ನು ತುಳಿಯುತ್ತದೆ. 'ರಾಣೆಬೆನ್ನೂರು' ಎಂಬುದರ ನ-ಒತ್ತಂತೂ ಅದರ ಅಡಿಯಲ್ಲಿ ಬರೆದ ಮೊಬೈಲ್ ನಂಬರಿಗೆ ಹನ್ನೊಂದನೆಯ ಅಂಕಿಯಾಗಿ ಸೇರಿಕೊಳ್ಳುತ್ತದೆ. ಇದರ ಮೇಲೆ ಅಕ್ಷರಕ್ಕೆ ಬಂಗಾರದ ಅಂಚು, ಅಂಚಿಗೆ ಕಪ್ಪು ನೆರಳು ಕೊಟ್ಟರೆ, ದಕಾರ-ಧಕಾರಗಳನ್ನು ಬೇರ್ಪಡಿಸುವ ಸಣ್ಣ ಸೀಳು ಮುಚ್ಚಿಹೋಗಿ, ಮಹಾಪ್ರಾಣಗಳು ಹೋದ ದಾರಿ ತಿಳಿಯುವುದಿಲ್ಲ. ಬ್ಯಾಡಗಿಯಲ್ಲಿ ಕೆಂಪು ಬಣ್ಣ ಅನಿವಾರ್ಯವೆಂದು ಬಗೆದು ಹಸಿರು ನೆಲದ ಮೇಲೆ ಕೆಂಪಕ್ಷರ ಬರೆಸುವವರಿದ್ದು, ಆ ಎರಡೂ ಬಣ್ಣಗಳ ಗಾಢತೆ ಸರಿಸಮವಾದಾಗ ಕಣ್ಣಿಗೆ ಉರಿ ಹತ್ತುತ್ತದೆ. ಕಡಿಮೆ ಖಾರಕ್ಕೆ ಹೆಸರಾದ ಮೆಣಸಿನಕಾಯಿಯ ಪಾಲಿಗೆ ಇದು ಅಪಪ್ರಚಾರವೇ ಸರಿ.

ಸಾವ್ಕಾರರ ಎರಡನೆಯ ಕ್ಷೇತ್ರವು 2005ರಲ್ಲಿ ಮಾರುಕಟ್ಟೆಗೆ ಬಂದ ಟಾಟಾ ಏಸ್ ಎಂಬ ಪುಟ್ಟ ಸರಕುಗಾಡಿಯಾಗಿದ್ದು, ಅದನ್ನು ಅಲಂಕರಿಸುವ ಜಾಗಕ್ಕೆ, ಈಗ ಅಲ್ಲಿ ಯಾವ ಬಗೆಯ ಸ್ಟಿಕ್ಕರ್ ಕತ್ತರಿಸಿದರೂ, 'ರೇಡಿಯಂ ಅಂಗಡಿ' ಎಂದೇ ಹೆಸರು. ಗಂಟೆಗೆ 60 ಕಿ.ಮೀ. ವೇಗದಲ್ಲಿ ಹೋಗುವ ಗಾಡಿ ಸೆಕೆಂಡಿಗೆ ಸುಮಾರು 17 ಮೀಟರ್ ದಾಟುವುದರಿಂದ, ರಸ್ತೆಬದಿಯಲ್ಲಿ ನಿಂತವನಿಗೆ ಮೂರು ನಾಲ್ಕು ಪದಗಳಿಗಿಂತ ಹೆಚ್ಚು ದಕ್ಕುವುದಿಲ್ಲ. ಗಾಡಿಯ ಮೇಲೆ ಇರುವವು ಅರವತ್ತು. ಅಂಗುಲದೆತ್ತರದ ಆ ಸಾಲುಗಳನ್ನು ಓದಬೇಕಾದರೆ ಹಿಂದಿನ ಸವಾರನು ಹತ್ತು ಅಡಿಯ ಅಂತರದಲ್ಲೇ ಬೆನ್ನುಹತ್ತಬೇಕಾಗಿದ್ದು, ಆತನು ಗಿರಾಕಿಯಾಗುವುದಕ್ಕೆ ಮೊದಲು ಗಾಯಾಳುವಾಗುವ ಸಂಭವವೇ ಹೆಚ್ಚು. ಕಂಪ್ಯೂಟರ್ ಪರದೆಯ ಮೇಲಿನ ಗಾಡಿಗೆ ಬಾಗಿಲು ತೆರೆಯುವ ಅಭ್ಯಾಸವಿಲ್ಲದಿರುವುದು ಇನ್ನೊಂದು ತೊಡಕು. ಬಲಮಗ್ಗುಲಿನ ಉದ್ದಕ್ಕೆ 'ಕಲಬೆರಕೆ ಇಲ್ಲ' ಎಂದು ಬರೆಸಿದಾಗ ಮೊದಲ ಪದವು ಹಿಂದಿನ ಡಬ್ಬದ ಮೇಲೂ ಎರಡನೆಯದು ಡ್ರೈವರನ ಬಾಗಿಲಿನ ಮೇಲೂ ಬೀಳುವುದರಿಂದ, ಡ್ರೈವರನು ಚಹಾಕ್ಕೆಂದು ಬಾಗಿಲು ತೆರೆದು ಇಳಿದಾಗಲೆಲ್ಲ 'ಇಲ್ಲ' ಎಂಬುದು ಪಕ್ಕಕ್ಕೆ ಸರಿದು ಗಾಡಿಯು ಸತ್ಯವನ್ನೋ ಅಪವಾದವನ್ನೋ ಸಾರತೊಡಗುತ್ತದೆ.

ವಿಚಿತ್ರವೆಂದರೆ, ಸಾವ್ಕಾರರಿಗೆ ಸರಳತೆ ತಿಳಿಯದ ವಿದ್ಯೆಯೇನಲ್ಲ. ರಾಶಿಯ ಮುಂದೆ ನಿಂತರೆ ಒಂದು ಹಿಡಿ ಕಾಯಿ ಎತ್ತಿ ಬಣ್ಣ ನೋಡಿಯೇ ಅವರು ದರ ಅಂದಾಜಿಸುತ್ತಾರೆ. ಅವರದೇ ಚೀಲಗಳ ಮೇಲೆ, ಕೊರೆದ ತಗಡಿಟ್ಟು ಮಸಿ ಹಚ್ಚಿದ ಎರಡಕ್ಷರದ ಮಾರ್ಕು ಇರುತ್ತದೆ, ಸುತ್ತಲೂ ಗೋಣಿಯ ಖಾಲಿ ಬಯಲು. ಓದುಬರಹ ಬಾರದ ಹಮಾಲನೂ ದೂರದಿಂದ ಅದನ್ನು ಗುರುತಿಸಿ ಸರಿಯಾದ ಲಾರಿಗೆ ಏರಿಸುತ್ತಾನೆ. ಅದನ್ನೇ ದೊಡ್ಡದು ಮಾಡಿ ಅಂಗಡಿಯ ಮೇಲೆ ಹಾಕಬಹುದಲ್ಲವೇ ಎಂದು ಡಿಸೈನ್ ಹುಡುಗನು ಸೂಚಿಸಿದರೆ ಬರುವ ಉತ್ತರ ಇಷ್ಟೇ: "ಅದು ಚೀಲ, ಇದು ಮರ್ಯಾದಿ."

ಮರ್ಯಾದೆಯ ಆಯಸ್ಸು ಒಂದೆರಡು ಬೇಸಿಗೆ. ಬಿಸಿಲಿಗೆ ಫ್ಲೆಕ್ಸಿನ ಕೆಂಪು ಹಳದಿಗಳು ಮೊದಲು ಮಾಸಿ ನೀಲಿ ಕಪ್ಪುಗಳು ಉಳಿಯುವುದರಿಂದ, ಬಣ್ಣಕ್ಕೆಂದೇ ಜಗತ್ತು ಕೊಳ್ಳುವ ಬ್ಯಾಡಗಿ ಮೆಣಸಿನಕಾಯಿಯು ಬೋರ್ಡಿನ ಮೇಲೆ ಬದನೆಕಾಯಿಯಾಗುತ್ತದೆ. ಗಾಡಿಯಲ್ಲಾದರೆ ಸಾವ್ಕಾರರ ಕೈ ತಲುಪದ ಜಾಗವೊಂದು ಉಳಿದಿದೆ. ನಾಲ್ಕು ಚಕ್ರದ ವಾಹನದ ನೋಂದಣಿ ಅಕ್ಷರಗಳು 65 ಮಿ.ಮೀ. ಎತ್ತರ, 10 ಮಿ.ಮೀ. ದಪ್ಪ, ನಡುವೆ 10 ಮಿ.ಮೀ. ಖಾಲಿ ಜಾಗ ಇರಬೇಕೆಂದು 1989ರ ಕೇಂದ್ರ ಮೋಟಾರು ವಾಹನ ನಿಯಮಗಳು ವಿಧಿಸುತ್ತವೆ. ಹಳದಿ ಹಲಗೆ, ಕಪ್ಪಕ್ಷರ, ನೆರಳಿಲ್ಲ, ಅಂಚಿಲ್ಲ, ದೇವರ ಫೋಟೋ ಇಲ್ಲ. ಮಾರ್ಕೆಟ್ ಯಾರ್ಡಿನ ಗೇಟಿನಲ್ಲಿ ಕಾವಲುಗಾರನು ಓದಿ ಬರೆದುಕೊಳ್ಳುವುದು ಆ 'ಕೆಎ 27'ರಿಂದ ಆರಂಭವಾಗುವ ಒಂದು ಸಾಲನ್ನು ಮಾತ್ರ.