ಅರ್ಜಿ ಹಾಕೀನ್ರಿ, ಆಮ್ಯಾಲೆ?

ಬೆಳಿಗ್ಗೆ ತುಳಸಿಗೆ ನೀರು ಹಾಕಲು ಹೋದರೆ ನಮ್ಮ ಕಂಪೌಂಡ್ ಗೋಡೆಯ ಮೇಲೆ ಒಂದು ಬಿಳಿ ಹಾಳೆ, ಗಾಳಿಗೆ ಹಾರದಂತೆ ನಾಲ್ಕು ಮೂಲೆಗೂ ಹರಳು. ಪಕ್ಕದ ಮನೆಯ ಹುಡುಗಿ ಅದರಲ್ಲಿ ಸಹಿ ಮಾಡಿ ಮೊಬೈಲಿನಲ್ಲಿ ಫೋಟೋ ಹೊಡೆಯುತ್ತಿದ್ದಳು.

"ಅಕ್ಕೋರ, ನೆರಳು ಬೀಳಾಕತ್ತೈತಿ, ಸ್ವಲ್ಪ ಈಚಿ ನಿಂದ್ರರ್ರಿ. ಮೂರನೇ ಸಲರೀ ಇದು. ಸೈಜ್ ಜಾಸ್ತಿ ಆತು ಅಂತ ತಗೋವಲ್ದು."

ಗಂಗಾವತಿಯಲ್ಲಿ ಬಿ.ಕಾಂ. ಮುಗಿಸಿದವಳು. ಯಲಬುರ್ಗಾಕ್ಕೆ ಬಂದು ವರ್ಷವಾಯಿತು. ಎಷ್ಟು ಅರ್ಜಿ ಹಾಕಿದೆ ಎಂದು ಕೇಳಿದೆ. ಲೆಕ್ಕ ಬಿಟ್ಟಿದ್ದೀನಿ ಅಂದಳು.

ನಮ್ಮ ಕಾಲಕ್ಕೆ ಇದು ರಾಯಚೂರು ಜಿಲ್ಲೆ. ಕೊಪ್ಪಳ ಬೇರೆ ಜಿಲ್ಲೆಯಾದದ್ದು 1997ರಲ್ಲಿ. ಉದ್ಯೋಗ ವಿನಿಮಯ ಕಚೇರಿಯಲ್ಲಿ ಹೆಸರು ಬರೆಸಲು ನಸುಕಿನ ಬಸ್ಸಿಗೆ ಹೋದರೆ ಮನೆ ಸೇರುವಾಗ ರಾತ್ರಿ. ಅರ್ಜಿಗೆ ಡಿ.ಡಿ. ತೆಗೆಸಬೇಕು, ರಿಜಿಸ್ಟರ್ ಪೋಸ್ಟ್ ಮಾಡಬೇಕು. ಒಬ್ಬಳನ್ನೇ ಅಷ್ಟು ದೂರ ಕಳಿಸಲು ಒಪ್ಪದ ಮನೆಗಳಲ್ಲಿ ಎಷ್ಟೋ ಹೆಣ್ಣುಮಕ್ಕಳ ಅರ್ಜಿ ಬರೆಯುವ ಮೊದಲೇ ನಿಂತುಹೋಗುತ್ತಿತ್ತು. ಆ ಬಾಗಿಲನ್ನು ಮೊಬೈಲು ತೆರೆದಿದೆ. ಇದನ್ನು ನಾನು ಮನಸಾರೆ ಒಪ್ಪುತ್ತೇನೆ.

ಆದರೆ ಒಂದು ಮಾತು. ಅಂಚೆಯಲ್ಲಿ ಕಳಿಸಿದ ಅರ್ಜಿಗೆ ಎಂಟು ದಿನಕ್ಕೆ ಸ್ವೀಕೃತಿ ಕಾರ್ಡ್ ಮರಳಿ ಬರುತ್ತಿತ್ತು, ಯಾರದೋ ಸಹಿ ಹೊತ್ತು. ಮುಟ್ಟಿತು ಅನ್ನುವ ಸಮಾಧಾನ. ಈ ಹುಡುಗಿಯ ಮೊಬೈಲಿನಲ್ಲಿ ನೋಡಿದೆ: ಏಳು ತಿಂಗಳಿಂದ 'ಪರಿಶೀಲನೆಯಲ್ಲಿದೆ'. ಆಯ್ತು ಅಂತಲೂ ಇಲ್ಲ, ಆಗಲಿಲ್ಲ ಅಂತಲೂ ಇಲ್ಲ. ಈಗಿನ ಹುಡುಗರಿಗೆ ಆಸಕ್ತಿಯಿಲ್ಲ ಎಂದು ಬೈಯುವವರು ಆ ಪರದೆಯನ್ನು ಒಮ್ಮೆ ನೋಡಲಿ. ಉತ್ತರ ಬರದ ಕಡೆ ಎಷ್ಟು ಸಲ ಅಂತ ಕೂಗುವುದು?

ಕುಷ್ಟಗಿಯಲ್ಲಿರುವ ನನ್ನ ತಂಗಿಯ ಮಗನದು ಇನ್ನೊಂದು ಕಥೆ. ಕೆಲಸ ಖಾಯಂ, ನೋಂದಣಿ ಶುಲ್ಕ ಕಳಿಸಿ ಎಂದು ಸಂದೇಶ ಬಂತು, ಕಳಿಸಿದ. ಮರುದಿನ ಆ ನಂಬರೇ ಬಂದ್. ಈಗ ಸರ್ಕಾರದ ಅಸಲಿ ಪ್ರಕಟಣೆ ತೋರಿಸಿದರೂ ಮುಖ ತಿರುವುತ್ತಾನೆ.

ಅಷ್ಟರಲ್ಲಿ ಅವಳ ತಾಯಿ ಸೆರಗಿಗೆ ಕೈ ಒರೆಸುತ್ತ ಬಂದರು. "ನೌಕರಿ ಅಂತ ಹಾಕ್ತಾರ್ರೀ ಮೊಬೈಲ್ನಾಗ. ಪಗಾರ ಎಷ್ಟು, ಪಾಳಿ ಯಾವಾಗ, ಊರಿಂದ ಬಸ್ಸೈತೋ ಇಲ್ಲೋ, ಒಂದೂ ಬರಿಯೂದಿಲ್ಲ. ನಾ ಹೆಂಗ ಕಳಿಸ್ಲಿ?"

ನಿಜವಾದ ಮಾತು. ಭಾನಾಪುರದ ಆಟಿಕೆ ಕಾರ್ಖಾನೆ ಇರಲಿ, ಗಿಣಿಗೇರಿಯ ಉಕ್ಕಿನ ಕಾರ್ಖಾನೆ ಇರಲಿ, ಹೆಣ್ಣುಮಗಳ ಅರ್ಜಿ ಸಂಜೆ ಬಸ್ಸಿನ ಮೇಲೆ ನಿಂತಿರುತ್ತದೆ. ಆ ನಾಲ್ಕು ಸಾಲು ಕನ್ನಡದಲ್ಲಿ ಬರೆದು, ಕೆಳಗೆ ಎತ್ತಿ ಮಾತಾಡುವವರ ಫೋನ್ ನಂಬರ್ ಕೊಟ್ಟರೆ ತಾಯಂದಿರೇ ಮುಂದೆ ನಿಂತು ಹಾಕಿಸುತ್ತಾರೆ.

"ಕಲ್ಯಾಣ ಕರ್ನಾಟಕದ ಕಾಲಂ ತುಂಬಿದಿ?" ಎಂದು ಹುಡುಗಿಯನ್ನು ಕೇಳಿದೆ.

"ಸರ್ಟಿಫಿಕೇಟ್ ಇಲ್ರೀ. ಇಲ್ಲ ಅಂತ ಒತ್ತೀನಿ."

ಎದೆ ಧಸಕ್ಕೆಂದಿತು. 2012ರಲ್ಲಿ ಸಂಸತ್ತು ಒಪ್ಪಿದ ಸಂವಿಧಾನ ತಿದ್ದುಪಡಿಯಿಂದ ಬಂದದ್ದು 371(ಜೆ) ವಿಧಿ. ನಮ್ಮ ಭಾಗದ ಸ್ಥಳೀಯ ವೃಂದದಲ್ಲಿ ಗ್ರೂಪ್ ಸಿ ಹುದ್ದೆಗಳಲ್ಲಿ ನೂರಕ್ಕೆ 80, ಗ್ರೂಪ್ ಡಿ ಹುದ್ದೆಗಳಲ್ಲಿ ನೂರಕ್ಕೆ 85 ಇಲ್ಲಿನವರಿಗೇ. ಅದಕ್ಕೆ ಸಹಾಯಕ ಆಯುಕ್ತರ ಅರ್ಹತಾ ಪತ್ರ ಬೇಕು. ವರ್ಷಗಟ್ಟಲೆ ಹೋರಾಡಿ ಪಡೆದ ಹಕ್ಕು ಒಂದು ಗುಂಡಿ ತಪ್ಪು ಒತ್ತಿದ್ದಕ್ಕೆ ಕೈಬಿಟ್ಟು ಹೋಗಬಾರದು. ಹಿಂದೆ ಅರ್ಜಿ ತುಂಬುವಾಗ ಪಕ್ಕದಲ್ಲಿ ಯಾರಾದರೂ ಹಿರಿಯರು ಕೂತಿರುತ್ತಿದ್ದರು, ತಪ್ಪಿದರೆ ತಿದ್ದುತ್ತಿದ್ದರು. ಈಗ ಒಬ್ಬಳೇ, ರಾತ್ರಿ, ನೆಟ್‌ವರ್ಕ್ ಸಿಕ್ಕಾಗ.

"ಕೊನೇ ತಾರೀಖು ಯಾವಾಗ?"

"ಇನ್ನ ಹನ್ನೆರಡು ದಿನ ಐತ್ರಿ. ಇನ್ನೂ ಸಬ್ಮಿಟ್ ಮಾಡಿಲ್ಲ."

"ಹಂಗಾರ ಬಿಡು, ಮಾಡಬ್ಯಾಡ."

ಸೋಮವಾರ ಶಾಲಾ ದಾಖಲೆಗಳನ್ನು ತಗೊಂಡು ತಾಯಿ ಮಗಳು ಕೊಪ್ಪಳಕ್ಕೆ ಹೊರಡುತ್ತಾರೆ. ಮೊದಲ ಬಸ್ಸಿಗೆ ನಾನೂ ಬರುತ್ತೇನೆ ಅಂದಿದ್ದೇನೆ.